ದನ ಕಟ್ಟಿದರೆ ಕಡಿಮೆ ತೀರ್ವೆ, ಹಕ್ಕಿ ಬಂದರೆ?

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ‘ಗುಡ್ಡೆಯನ್ನು ಸುಮ್ನೆ ಬಿಟ್ಟಿದ್ದೇನೆ, ಪ್ರಾಣಿಪಕ್ಷಿಗಳಾದರೂ ಇರಲಿ’ ಎನ್ನುವವರು ಸಿಗುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಐದು ವರ್ಷ ಕಳೆದು ಹೋಗಿ ನೋಡಿ. ಎದೆಮಟ್ಟ ಕಮ್ಯೂನಿಸ್ಟ್ ಪಚ್ಚೆ ಎಂಬ ಕಳೆ, ಅದರ ಮಧ್ಯೆ ಅಕೇಶಿಯಾ. ಹಂದಿಗೆ ಅಡಗಲು ಒಳ್ಳೆ ಜಾಗ, ಅಷ್ಟೆ. ಬಿಡುವುದೇ ಬೇರೆ, ಸಾಕುವುದೇ ಬೇರೆ.

ಈ ವ್ಯತ್ಯಾಸವನ್ನು ತೆರಿಗೆ ಕಾನೂನಿನಲ್ಲೇ ಬರೆದವರು ಅಮೆರಿಕದ ಟೆಕ್ಸಾಸ್‌ನವರು. ಅಲ್ಲಿ ಜಾಗದ ತೆರಿಗೆ (ನಮ್ಮ ತೀರ್ವೆ) ಮಾರುಕಟ್ಟೆ ಬೆಲೆಯ ಮೇಲೆ. ಕೃಷಿ ಜಾಗಕ್ಕೆ ಮಾತ್ರ ಅದರ ಹುಟ್ಟುವಳಿಯ ಲೆಕ್ಕ, ಹಾಗಾಗಿ ತುಂಬಾ ಕಡಿಮೆ. ಇದರಿಂದ ಒಂದು ತಮಾಷೆ ಆಯಿತು. ದನ ಮೇದರೆ ರಿಯಾಯಿತಿ. ಹಕ್ಕಿಗೆ ಹುಲ್ಲು ಉಳಿಯಲಿ ಎಂದು ದನ ಹೊರಗೆ ಹಾಕಿದರೆ ರಿಯಾಯಿತಿಯೂ ಹೊರಗೆ! 1995ರಲ್ಲಿ ಮತದಾರರು ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ಒಪ್ಪಿದರು. ಕಾಡುಪ್ರಾಣಿಗಳಿಗೆ ನೆಲೆ ಮಾಡಿಕೊಡುವುದೂ ಕೃಷಿಯೇ ಎಂದಾಯಿತು.

ತೆರಿಗೆ ಮಾಫಿ ಅಂದುಕೊಳ್ಳಬೇಡಿ. ದನಕ್ಕಿದ್ದ ದರವೇ ಹಕ್ಕಿಗೂ, ಅದೂ ಮೊದಲೇ ಕೃಷಿ ದರದಲ್ಲಿದ್ದ ಜಾಗಕ್ಕೆ. ಸುಮ್ನೆ ಬಿಟ್ಟರೆ ಸಿಗುವುದಿಲ್ಲ. ನೆಲೆ ಸರಿಪಡಿಸುವುದು, ಮಣ್ಣಿನ ಸವೆತ ತಡೆಯುವುದು, ಪ್ರಾಣಿಪಕ್ಷಿಗಳ ಶತ್ರುಗಳನ್ನು ಹತೋಟಿಯಲ್ಲಿಡುವುದು, ಅವುಗಳಿಗೆ ನೀರು, ಆಹಾರ, ಆಸರೆ, ಅವುಗಳ ಎಣಿಕೆ: ಈ 7ರಲ್ಲಿ ಕನಿಷ್ಠ 3 ಮಾಡಬೇಕು. ಶತ್ರು ಎಂದರೆ ಚಿರತೆಯಂಥದ್ದೇ ಆಗಬೇಕಿಲ್ಲ. ಹೊರದೇಶದಿಂದ ಬಂದ ಬೆಂಕಿ ಇರುವೆಯೂ ಸೇರುತ್ತದೆ. ನಮ್ಮ ಕೋಗಿಲೆಯ ಹಾಗೆ ಬೇರೆಯವರ ಗೂಡಲ್ಲಿ ಮೊಟ್ಟೆ ಇಡುವ ಒಂದು ಹಕ್ಕಿಯೂ ಸೇರುತ್ತದೆ.

ತೆರಿಗೆ ಅಂದರೆ ಅಡಿಕೆ ತೋಟದಲ್ಲಿ ನೀರು ಹರಿಯುವ ಕಣಿ ಇದ್ದ ಹಾಗೆ. ನೀರಿಗೆ ‘ಈ ಕಡೆ ಹೋಗು’ ಎಂದು ಯಾರೂ ಹೇಳುವುದಿಲ್ಲ, ಇಳಿಜಾರು ಹೇಳುತ್ತದೆ. ಟೆಕ್ಸಾಸ್‌ನಲ್ಲಿ ಇಳಿಜಾರು ಬರೀ ದನದ ಕಡೆಗಿತ್ತು. ಅವರು ಅದನ್ನು ಸಮ ಮಾಡಿದರು. ತಕ್ಕಡಿಯ ಒಂದೇ ತಟ್ಟೆಯಲ್ಲಿದ್ದ ಕಲ್ಲು ತೆಗೆದರು ಅಂತಲೂ ಹೇಳಬಹುದು.

ನಮಗೇನು ಇದು ಹೊಸದಲ್ಲ. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡದ್ದೇ ತಾಲೂಕು. ವರ್ಗ ಜಾಗದಿಂದ (ರೈತನ ಹೆಸರಲ್ಲಿರುವ ಪಟ್ಟಾ ಜಾಗ) 100 ಗಜದೊಳಗಿನ ಕುಮ್ಕಿಯಿಂದ, ಅಂದರೆ ಅದಕ್ಕೆ ತಾಗಿದ ಸರ್ಕಾರಿ ಜಾಗದಿಂದ, ತೀರ್ವೆ ಕಟ್ಟದೆ ಸೊಪ್ಪು, ಸೌದೆ ತರಬಹುದಿತ್ತು. ತೋಟಕ್ಕೆ ಸೊಪ್ಪು ಬೇಕು, ಸೊಪ್ಪಿಗೆ ಮರ ಬೇಕು. ಮರ ಉಳಿಸಿದರೆ ರೈತನಿಗೇ ಲಾಭ. ರಬ್ಬರ್ ಬಂದ ಮೇಲೆ ಲೆಕ್ಕ ಬದಲಾಯಿತು, ಅದು ಬೇರೆ ಕಥೆ.

ಹಾಗಾದರೆ ಟೆಕ್ಸಾಸ್ ಕಾನೂನನ್ನೇ ಇಲ್ಲಿಗೂ ತರೋಣವೇ? ಕೆಲಸಕ್ಕೆ ಬಾರದು. ನಮ್ಮ ಒಂದು ಎಕರೆಯ ವರ್ಷದ ತೀರ್ವೆ ಪೂರ್ತಿ ಬಿಟ್ಟುಕೊಟ್ಟರೂ ಪಚ್ಚೆ ಕಡಿಯುವವನ ಒಂದು ದಿನದ ಸಂಬಳ ಹುಟ್ಟುವುದಿಲ್ಲ. ಇಲ್ಲಿ ಜನರನ್ನು ತಡೆಯುವುದು ತೀರ್ವೆ ಅಲ್ಲ, ಹೆದರಿಕೆ. ಸರ್ಕಾರಿ ಕಾಡಿಗೆ ತಾಗಿದ, ಕಾಡು ಬೆಳೆದ ಖಾಸಗಿ ಜಾಗ ಸರ್ಕಾರಕ್ಕೆ ಸೇರುವ ಕಾನೂನು 2000ದ ದಶಕದಲ್ಲಿ ಕೇರಳದಲ್ಲಿ ಬಂತು. ಆಮೇಲೆ ಕಾಡಂಚಿನಲ್ಲಿ ಮರ ಬೆಳೆಸಲು ಯಾರಿಗೆ ಧೈರ್ಯ ಬರುತ್ತದೆ ಹೇಳಿ?

ಅಮೆರಿಕದಲ್ಲೂ ಇಂಥದ್ದೇ ಆಗಿತ್ತು. ಹಳೆಯ ಪೈನ್ ಮರದಲ್ಲಿ ಗೂಡು ಕೊರೆಯುವ ಅಪರೂಪದ ಮರಕುಟಿಗ ಬಂತೆಂದರೆ ಆ ಮರ ಕಡಿಯುವ ಹಾಗಿಲ್ಲ. ಹಾಗಾಗಿ ಹಕ್ಕಿ ಬರುವ ಮೊದಲೇ ಮರ ಕಡಿದವರಿದ್ದರು. 1995ರಲ್ಲೇ ಉತ್ತರ ಕೆರೊಲಿನಾದಲ್ಲಿ ಜಾಗದ ಯಜಮಾನರಿಗೆ ಸರ್ಕಾರ ಒಂದು ಒಪ್ಪಂದ ಕೊಟ್ಟಿತು: ಈಗ ಇರುವ ಹಕ್ಕಿಗಳನ್ನು ಕಾಪಾಡಿ, ನಿಮ್ಮ ಆರೈಕೆಯಿಂದ ಹೊಸದಾಗಿ ಬಂದವುಗಳ ಹೆಸರಲ್ಲಿ ಹೊಸ ನಿರ್ಬಂಧ ಹಾಕುವುದಿಲ್ಲ. ನಮ್ಮ ಕಾಡಂಚಿನ ರೈತನಿಗೆ ತೀರ್ವೆ ರಸೀದಿಗಿಂತ ಮೊದಲು ಕೈಗೆ ಸಿಗಬೇಕಾದದ್ದು ಇಂಥ ಒಂದು ಕಾಗದ.