ಇನ್‌ಲೈನ್ ಪ್ರೀಆಂಪ್ ಹಾಕಿದರೆ ಫ್ಯಾನ್ ಸದ್ದು ಹೋಗುತ್ತದೆಯೇ?

ಪ್ರಶ್ನೆ: ಎಸ್‌ಎಂ7ಬಿ ಡೈನಮಿಕ್ ಮೈಕ್ ತಗೊಂಡಿದ್ದೇನೆ. ಇಂಟರ್‌ಫೇಸ್‌ನ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ) ಗೇನ್ ಪೂರ್ತಿ ತಿರುಗಿಸಿದರೂ ದನಿ ಸಣ್ಣದು, ಹಿಂದೆ ಫ್ಯಾನ್ ಸದ್ದು ಬೇರೆ. ಯಾವ ಬೂಸ್ಟರ್ ಹಾಕಿದರೆ ನಾಯ್ಸ್ ಹೋಗುತ್ತೆ ಸರ್?

ಉತ್ತರ: ಯಾವುದು ಹಾಕಿದರೂ ಹೋಗುವುದಿಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ಪ್ರಶ್ನೆ ಮತ್ತೆ ಬರುತ್ತಲೇ ಇದೆ, ಹಾಗಾಗಿ ಈ ಸಲ ಲೆಕ್ಕ ಸಮೇತ ಹೇಳುತ್ತೇನೆ.

ಬೂಸ್ಟರ್, ಅಂದರೆ ಮೈಕಿಗೂ ಇಂಟರ್‌ಫೇಸಿಗೂ ನಡುವೆ ಕೂರುವ ಇನ್‌ಲೈನ್ ಪ್ರೀಆಂಪ್, ಮಾಡುವುದು ಒಂದೇ ಕೆಲಸ: ಮೈಕಿನಿಂದ ಬಂದದ್ದನ್ನೆಲ್ಲ ಸುಮಾರು 25 ಡಿಬಿ ಎತ್ತುತ್ತದೆ. ಮೈಕಿನೊಳಗೆ ಹೊಕ್ಕ ಫ್ಯಾನ್ ಸದ್ದೂ ನಿಮ್ಮ ದನಿಯೊಂದಿಗೆ ಅಷ್ಟೇ ಏರುತ್ತದೆ. ಎರಡರ ನಡುವಿನ ಅಂತರ ಒಂದು ಡಿಬಿಯೂ ಬದಲಾಗುವುದಿಲ್ಲ. ಬೂಸ್ಟರ್ ತಗ್ಗಿಸಬಲ್ಲದ್ದು ಇಂಟರ್‌ಫೇಸಿನ ಪ್ರೀಆಂಪ್ ತಾನೇ ಹುಟ್ಟಿಸುವ 'ಸ್ಸ್' ಅನ್ನುವ ಹಿಸ್ ಮಾತ್ರ. ಅದಕ್ಕೂ ಒಂದು ಮಿತಿ ಇದೆ. ಮೈಕನ್ನು 150 ಓಮ್ ಮೂಲ ಅಂತ ಇಟ್ಟುಕೊಂಡರೆ, ಕೋಣೆಯ ಉಷ್ಣತೆಯಲ್ಲಿ ಅದರ ಉಷ್ಣ ನಾಯ್ಸೇ ಸುಮಾರು −131 ಡಿಬಿಯು (dBu, ಸಿಗ್ನಲ್ ವೋಲ್ಟೇಜಿನ ಅಳತೆ). ಇದಕ್ಕಿಂತ ಕೆಳಗೆ ಹೋಗುವುದು ಯಾವ ಬೂಸ್ಟರಿಗೂ ಸಾಧ್ಯವಿಲ್ಲ. ನಿಮ್ಮ ಇಂಟರ್‌ಫೇಸಿನ ಇಐಎನ್ (ಪ್ರೀಆಂಪಿನ ಸ್ವಂತ ನಾಯ್ಸ್ ಹೇಳುವ ಅಂಕಿ, ಸೊನ್ನೆಯಿಂದ ಕೆಳಗೆ ಹೋದಷ್ಟೂ ಒಳ್ಳೆಯದು) −128 ಇದ್ದರೆ ಆದರ್ಶ ಬೂಸ್ಟರಿನಿಂದಲೂ ಸಿಗುವುದು 3 ಡಿಬಿ, ವಾಸ್ತವದಲ್ಲಿ ಇನ್ನೂ ಕಡಿಮೆ. −120 ಅಥವಾ ಅದಕ್ಕಿಂತ ಕಳಪೆ ಇದ್ದರೆ ಮಾತ್ರ ವ್ಯತ್ಯಾಸ ಕಿವಿಗೆ ಹೊಡೆಯುತ್ತದೆ. ಹೋಲಿಸುವಾಗ ಒಂದು ಎಚ್ಚರ: ಎ-ವೇಟೆಡ್ ಅಂಕಿ (ಕಿವಿಗೆ ಕೇಳುವ ಹಾಗೆ ತೂಗಿ ಅಳೆದದ್ದು) ಸುಮಾರು 2 ಡಿಬಿ ಚೆಂದ ಕಾಣುತ್ತದೆ.

ಯಾವ ನಾಯ್ಸ್ ಅಂತ ಕಂಡುಹಿಡಿಯುವುದು ಸುಲಭ. ದನಿಯ ಪೀಕ್ −12 ಡಿಬಿಗೆ ಬರುವ ಹಾಗೆ ಗೇನ್ ಇಡಿ. ಮಾತಾಡದೆ ಹತ್ತು ಸೆಕೆಂಡ್ ಫ್ಯಾನ್ ಹಾಕಿ, ಹತ್ತು ಸೆಕೆಂಡ್ ಆರಿಸಿ ರೆಕಾರ್ಡ್ ಮಾಡಿ. ಫ್ಯಾನ್ ಆರಿಸಿದಾಗ ಸದ್ದು ಇಳಿದರೆ ತೊಂದರೆ ಕೋಣೆಯದು, ಬೂಸ್ಟರಿನ ದುಡ್ಡು ಉಳಿಸಿ. ಎರಡರಲ್ಲೂ ಒಂದೇ ಹಿಸ್ ಇದ್ದರೆ ಆಗ ಬೂಸ್ಟರ್ ನೋಡಿ. ಕೋಣೆ ಗದ್ದಲಕ್ಕೆ ಮೈಕ್ ಹತ್ತಿರ ಮಾಡುವುದೇ ಮದ್ದು. 20 ಸೆಂ.ಮೀ.ನಿಂದ 10ಕ್ಕೆ ಬಂದರೆ ದನಿ ಹೆಚ್ಚುಕಡಿಮೆ 6 ಡಿಬಿ ಏರುತ್ತದೆ, 5ಕ್ಕೆ ಬಂದರೆ 12, ಫ್ಯಾನ್ ಸದ್ದು ಇದ್ದಲ್ಲೇ ಇರುತ್ತದೆ. ದನಿಯ ಮಟ್ಟ ಮಾತ್ರ ಕಡಿಮೆ, ಹಿಸ್ ಇಲ್ಲ ಅನ್ನುವುದಾದರೆ 24-ಬಿಟ್‌ನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಸಾಫ್ಟ್‌ವೇರಿನಲ್ಲಿ ಏರಿಸಿ, ಏನೂ ಕೆಡುವುದಿಲ್ಲ.

ಕೊಳ್ಳುವುದೇ ನಿಜವಾದರೆ: ಇನ್‌ಲೈನ್ ಬೂಸ್ಟರಿಗೆ 48 ವೋಲ್ಟ್ ಫ್ಯಾಂಟಮ್ (ಇಂಟರ್‌ಫೇಸ್ ಮೈಕ್ ಕೇಬಲಿನಲ್ಲೇ ಕಳಿಸುವ ವಿದ್ಯುತ್) ಬೇಕು. ಎಕ್ಸ್‌ಎಲ್‌ಆರ್‌ನಿಂದ (ಮೂರು ಪಿನ್ನಿನ ಮೈಕ್ ಪ್ಲಗ್) 3.5 ಎಂಎಂಗೆ ಬರುವ ಕೇಬಲ್ ಮೊಬೈಲಿಗೆ ಸಿಕ್ಕಿಸುವವರಿಗೆ ಇದು ಉಪಯೋಗಕ್ಕಿಲ್ಲ. ಫೆಟ್‌ಹೆಡ್ ಥರದ ಕೊಳವೆ ಆದರೆ ಮೈಕಿನ ಕಡೆಗೇ ಸಿಕ್ಕಿಸಿ, ಕೇಬಲ್ ಉದ್ದ ಇದ್ದಷ್ಟೂ ಅದರಿಂದ ಲಾಭ. ಕ್ಲೌಡ್‌ಲಿಫ್ಟರ್ ಥರದ ಡಬ್ಬಿ ಆದರೆ ಎರಡು ಕೇಬಲ್ ಬೇಕು. ಮೊದಲು ಎಲ್ಲ ಸಿಕ್ಕಿಸಿ, ಹೆಡ್‌ಫೋನ್ ತಗ್ಗಿಸಿ, ಆಮೇಲೆ 48 ವೋಲ್ಟ್ ಒತ್ತಿ, ಗೇನನ್ನು ಸೊನ್ನೆಯಿಂದ ಮತ್ತೆ ಏರಿಸಿ. ಫ್ಯಾಂಟಮ್ ವಿದ್ಯುತ್ತಿನಿಂದಲೇ ನಡೆಯುವ ಕಂಡೆನ್ಸರ್ ಮೈಕಿಗೆ ಇದನ್ನು ಹಾಕಬೇಡಿ. ಫ್ಯಾಂಟಮ್ ಮೈಕಿಗೆ ತಲುಪದೆ ಅದು ಮೂಕಾಗುತ್ತದೆ.

ಯಾರೂ ನೇರವಾಗಿ ಕೇಳದಿದ್ದರೂ ಎಲ್ಲರ ಮನಸ್ಸಿನಲ್ಲಿ ಇರುವ ಭಯ ಇನ್ನೊಂದು: ಬೂಸ್ಟರ್ ಇಲ್ಲದೆ 48 ವೋಲ್ಟ್ ಒತ್ತಿಬಿಟ್ಟರೆ ಎಸ್‌ಎಂ58 ಥರದ ಡೈನಮಿಕ್ ಮೈಕ್ ಸುಟ್ಟುಹೋಗುತ್ತದೆಯೇ? ಇಲ್ಲ. ಪಿನ್ 2, 3 ಎರಡಕ್ಕೂ 6.8 ಕಿಲೋಓಮ್ ಮೂಲಕ ಒಂದೇ ವೋಲ್ಟೇಜ್ ಬರುವುದರಿಂದ ಕಾಯಿಲಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಕೇಬಲಿನಲ್ಲಿ ಪಿನ್ 3 ಗ್ರೌಂಡಿಗೆ ಸೇರಿಕೊಂಡಿದ್ದರೆ ಮಾತ್ರ ಸುಮಾರು 7 ಮಿಲಿಆಂಪ್ ಮೈಕಿನ ಮೂಲಕ ಹಾಯುತ್ತದೆ, ತೆಳು ಲೋಹದ ಪಟ್ಟಿ ಅಲುಗಿ ದನಿ ಹಿಡಿಯುವ ಹಳೆಯ ರಿಬ್ಬನ್ ಮೈಕಿನಲ್ಲಿ ಇದರಿಂದ ಆ ಪಟ್ಟಿ ಎಳೆದುಹೋಗಬಹುದು. ರಿಬ್ಬನ್ ಮೈಕ್ ಇರುವವರಿಗೆ ಬೂಸ್ಟರ್ ಗೇನಿಗಿಂತ ಹೆಚ್ಚಾಗಿ ಈ ಕಾರಣಕ್ಕೇ ಉಪಯುಕ್ತ, ಫ್ಯಾಂಟಮನ್ನು ಅದು ತಾನೇ ತಡೆಯುತ್ತದೆ.