ಹತ್ತು ಡಿಗ್ರಿ ಏರಿದರೆ ಏನು ಮಹಾ?

ಬಿಸಿ ಮಾಡಿದರೆ ರಾಸಾಯನಿಕ ಕ್ರಿಯೆ ಬೇಗ ಆಗುತ್ತದೆ. ಯಾಕೆ ಅಂತ ಕೇಳಿದರೆ ಪಿಯುಸಿಯಲ್ಲಿ ಓದಿದವರ ಹತ್ತಿರ ಉತ್ತರ ರೆಡಿ: ಅಣುಗಳು ಜೋರಾಗಿ ಓಡಾಡುತ್ತವೆ, ಜಾಸ್ತಿ ಡಿಕ್ಕಿ ಹೊಡೆಯುತ್ತವೆ. ಉತ್ತರ ಸುಳ್ಳಲ್ಲ, ಆದರೆ ಲೆಕ್ಕ ಹಾಕಿದರೆ ಸಾಲುವುದೇ ಇಲ್ಲ.

27 ಡಿಗ್ರಿ ಸೆಲ್ಸಿಯಸ್‌ನಿಂದ 37ಕ್ಕೆ ಹೋಗೋಣ. ಕೆಲ್ವಿನ್ ಲೆಕ್ಕದಲ್ಲಿ ಇದು 300ರಿಂದ 310, ಬರೀ ಶೇ. 3ರಷ್ಟು ಏರಿಕೆ. ಅಣುಗಳ ಸರಾಸರಿ ವೇಗ ಏರುವುದು ಅದರ ಅರ್ಧ, ಶೇ. 1.6ರಷ್ಟು. ಇಷ್ಟಕ್ಕೇ ಎಷ್ಟೋ ಕ್ರಿಯೆಗಳು ಎರಡು ಪಟ್ಟು ವೇಗವಾಗಿ ನಡೆಯುತ್ತವೆ. ಎಲ್ಲಿಂದ ಬಂತು ಉಳಿದದ್ದು?

ಡಿಕ್ಕಿಯಾದ ಮಾತ್ರಕ್ಕೆ ಏನೂ ಆಗಿಬಿಡುವುದಿಲ್ಲ. ಹಳೆಯ ಬಂಧ ಸಡಿಲವಾಗುವಷ್ಟು ಜೋರು ಅದರಲ್ಲಿರಬೇಕು, ಆ ಕನಿಷ್ಠ ಜೋರಿಗೇ ಆಕ್ಟಿವೇಶನ್ ಎನರ್ಜಿ ಅನ್ನುವುದು. ಕ್ಲಾಸಿನ ಸರಾಸರಿ ಅಂಕ ಒಂದೆರಡು ಏರಿದರೂ 95 ದಾಟಿದವರ ಸಂಖ್ಯೆ ದುಪ್ಪಟ್ಟಾಗಬಹುದು, ಅಲ್ವಾ? ಹಾಗೇ ಇದು. ಆಕ್ಟಿವೇಶನ್ ಎನರ್ಜಿ ಮೋಲ್‌ಗೆ (ಮೋಲ್ ಅಂದರೆ ಅಣುಗಳನ್ನು ಎಣಿಸುವ ಒಂದು ಅಳತೆ) 53 ಕಿಲೋಜೂಲ್ ಇರುವ ಕ್ರಿಯೆಯಲ್ಲಿ 300 ಕೆಲ್ವಿನ್‌ನಲ್ಲಿ ಹೆಚ್ಚುಕಡಿಮೆ 170 ಕೋಟಿ ಡಿಕ್ಕಿಗೆ ಒಂದು ಫಲ ಕೊಡುತ್ತದೆ, 310ರಲ್ಲಿ 85 ಕೋಟಿಗೆ ಒಂದು. ಸರಾಸರಿ ಅಣುವಿಗೆ ಇಲ್ಲಿ ಕೆಲಸವೇ ಇಲ್ಲ, ಎಲ್ಲಾ ನಡೆಸುವುದು ಆ ಬೆರಳೆಣಿಕೆಯವು.

ಇದನ್ನು ಕಂಡುಕೊಂಡದ್ದು ಸಕ್ಕರೆಯಿಂದ. ಸಕ್ಕರೆ ನೀರಿಗೆ ಸ್ವಲ್ಪ ಆಮ್ಲ ಹಾಕಿಟ್ಟರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಮೊದಲು ಧ್ರುವೀಕೃತ ಬೆಳಕಿನ (ಒಂದೇ ಸಮತಲದಲ್ಲಿ ಕಂಪಿಸುವ ಬೆಳಕಿನ) ಸಮತಲವನ್ನು ಬಲಕ್ಕೆ ತಿರುಗಿಸುತ್ತಿದ್ದ ದ್ರಾವಣ ಬರುಬರುತ್ತಾ ಎಡಕ್ಕೆ ತಿರುಗಿಸುತ್ತದೆ. ಹಾಗಾಗಿ ಪಾತ್ರೆ ಮುಟ್ಟದೆ, ಬೆಳಕು ನೋಡಿಯೇ ಎಷ್ಟು ಒಡೆದಿದೆ ಅಂತ ಹೇಳಬಹುದು. 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ ಹೀಗೆ ಅಳೆದರು. 1889ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಇದೇ ಕ್ರಿಯೆ ಹಿಡಿದು ಒಂದು ಮಾತು ಹೇಳಿದರು: ಹೆಚ್ಚಿನ ಸಕ್ಕರೆ ಅಣುಗಳು ಸುಮ್ನೆ ಇರುತ್ತವೆ, ಒಡೆಯಲು ತಯಾರಾಗಿರುವವು ತೀರಾ ಕಡಿಮೆ, ಬಿಸಿ ಏರಿದಂತೆ ಬೆಳೆಯುವುದು ಆ ತಯಾರಾದವುಗಳ ಸಂಖ್ಯೆ. (ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಅಂತ 1896ರಲ್ಲೇ ಲೆಕ್ಕ ಹಾಕಿದ್ದೂ ಇದೇ ಮನುಷ್ಯ.)

'ಹತ್ತು ಡಿಗ್ರಿಗೆ ಎರಡು ಪಟ್ಟು' ಅನ್ನುವುದನ್ನು ನಿಯಮ ಅಂತ ಬಾಯಿಪಾಠ ಮಾಡುವುದು ಬೇಡ. ಸಕ್ಕರೆಯ ಆಕ್ಟಿವೇಶನ್ ಎನರ್ಜಿ ಮೋಲ್‌ಗೆ ಸುಮಾರು 108 ಕಿಲೋಜೂಲ್, ಅಲ್ಲಿ ಹತ್ತು ಡಿಗ್ರಿಗೆ ನಾಲ್ಕು ಪಟ್ಟು. 30 ಡಿಗ್ರಿಯಿಂದ 100ಕ್ಕೆ ಹೋದರೆ ಸುಮಾರು 3000 ಪಟ್ಟು! ಹುಳಿ ಅಷ್ಟೇ ಇದ್ದರೆ, ಒಂದು ಇಡೀ ದಿನದಲ್ಲಿ ಒಡೆಯುವಷ್ಟು ಸಕ್ಕರೆ ಅರ್ಧ ನಿಮಿಷದಲ್ಲಿ ಒಡೆದಿರುತ್ತದೆ.

ಈ ಲೆಕ್ಕ ಗೊತ್ತಿಲ್ಲದೆಯೇ ನಮ್ಮ ಆಲೆಮನೆಯವರು ಇದಕ್ಕೆ ಮದ್ದು ಕಂಡುಕೊಂಡಿದ್ದಾರೆ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ಕೊಪ್ಪರಿಗೆಯಲ್ಲಿ ಅದನ್ನು ಗಂಟೆಗಟ್ಟಲೆ ಹಾಗೇ ಕುದಿಸಿದರೆ ಸುಕ್ರೋಸ್ ಒಡೆಯುತ್ತಾ ಹೋಗುತ್ತದೆ, ಗ್ಲೂಕೋಸ್ ಫ್ರಕ್ಟೋಸ್ ಜಾಸ್ತಿಯಾದ ಪಾಕ ಅಚ್ಚಿನಲ್ಲಿ ಗಟ್ಟಿಯಾಗಿ ಕೂರದೆ ಮೆತ್ತಗಾಗುತ್ತದೆ. ಅದಕ್ಕೇ ಸುಣ್ಣ ಹಾಕುವುದು. ಬಿಸಿ ಇಳಿಸುವಂತಿಲ್ಲ, ಹುಳಿಯನ್ನಾದರೂ ಇಳಿಸಬಹುದು.

ಕಡಿದ ಕಬ್ಬನ್ನು ಬಿಸಿಲಲ್ಲಿ ಬಿಟ್ಟರೂ ಸುಕ್ರೋಸ್ ಒಡೆಯುತ್ತದೆ, ಆದರೆ ಅಲ್ಲಿ ಮುಖ್ಯ ಅಪರಾಧಿಗಳು ಬೇರೆ: ಕಬ್ಬಿನೊಳಗಿನ ಕಿಣ್ವ, ಜೊತೆಗೆ ಬ್ಯಾಕ್ಟೀರಿಯಾ. ಕಿಣ್ವವು ದಾಟಬೇಕಾದ ಮಟ್ಟವನ್ನೇ ತಗ್ಗಿಸುವುದರಿಂದ ಕುದಿಯುವ ಬಿಸಿ ಬೇಕಿಲ್ಲ. ಬೇಸಿಗೆಯ ಬಿಸಿಲು ಅದರ ಕೆಲಸವನ್ನು ಚುರುಕು ಮಾಡುತ್ತದೆ. ಕೊಪ್ಪರಿಗೆ ಕುದಿಯುವ ಹೊತ್ತಿಗೆ ಮಾತ್ರ ಆ ಕಿಣ್ವವೇ ಕೆಟ್ಟುಹೋಗಿರುತ್ತದೆ. ಅಲ್ಲಿಂದ ಮುಂದಿನದು ಆಮ್ಲದ ಪಾಲು.