ಆಯಿಷ್‌ನಲ್ಲಿ ಓದಿದವರು ಊರಲ್ಲೇ ಉಳಿಯುವುದು ಯಾಕೆ?

ಮೈಸೂರಿನಲ್ಲಿ ‘ನಮ್ಮ ಹುಡುಗಿ ಸ್ಪೀಚ್ ಅಂಡ್ ಹಿಯರಿಂಗ್ ಓದ್ತಿದ್ದಾಳೆ’ ಅಂದರೆ ಸಾಕು, ‘ಅಮೆರಿಕಕ್ಕೆ ಯಾವಾಗ?’ ಅನ್ನೋ ಪ್ರಶ್ನೆ ಬರುತ್ತದೆ. ಓದಿ ಇಲ್ಲೇ ಕೆಲಸ ಮಾಡುವವರನ್ನು ಕಂಡರೆ ‘ಪಾಪ, ವೀಸಾ ಸಿಗಲಿಲ್ಲವೇನೋ’ ಅನ್ನುವವರೂ ಇದ್ದಾರೆ. ಇದು ಅನ್ಯಾಯದ ಮಾತು. ಯಾರು ಹೋದರು, ಯಾರು ಉಳಿದರು ಅನ್ನುವುದರ ಹಿಂದೆ 60 ವರ್ಷದ ಕಥೆಯಿದೆ.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್, ಶುರುವಾದದ್ದು 1965ರಲ್ಲಿ. ಅದೇ ವರ್ಷ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿತು. ದೇಶ ನೋಡಿ ಕೋಟಾ ಕೊಡುವ ಹಳೆಯ ಪದ್ಧತಿ ಹೋಗಿ, ಕೆಲಸ ಕಲಿತವರಿಗೆ ಬಾಗಿಲು ತೆರೆಯಿತು. 1975ರಲ್ಲಿ ಅಲ್ಲಿ ಇನ್ನೊಂದು ಕಾನೂನು ಬಂತು. ಅಂಗವಿಕಲ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಲೇಬೇಕು, ಬೇಕಾದ ಮಗುವಿಗೆ ಸ್ಪೀಚ್ ಥೆರಪಿಯನ್ನೂ, ಅಂದರೆ ಮಾತು ಕಲಿಸುವ, ತಿದ್ದುವ ಚಿಕಿತ್ಸೆಯನ್ನೂ ಕೊಡಬೇಕು ಎಂದಾಯಿತು. ಶಾಲೆ ಶಾಲೆಗೂ ಥೆರಪಿಸ್ಟ್ ಬೇಕಾದರು. ಇಲ್ಲಿನ ಓದು ಇಂಗ್ಲಿಷಿನಲ್ಲಿ, ಅದೂ ಅಮೆರಿಕದ ಮಾದರಿಯಲ್ಲೇ. ಆಗ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಹುದ್ದೆ ಅಪರೂಪ. ಹೋದವರನ್ನು ದೂರುವುದು ಹೇಗೆ?

ಆ ಬಾಗಿಲು ಒಂದೇ ಸಲ ಮುಚ್ಚಲಿಲ್ಲ, ಸ್ವಲ್ಪ ಸ್ವಲ್ಪವೇ ಕಿರಿದಾಯಿತು. ಅಮೆರಿಕದ 1996ರ ಕಾನೂನಿನಿಂದ, ಹೊರದೇಶದಲ್ಲಿ ಓದಿದ ನರ್ಸ್, ಥೆರಪಿಸ್ಟ್‌ಗಳು ವೀಸಾಗೆ ಮೊದಲೇ ಓದು ಮತ್ತು ಇಂಗ್ಲಿಷ್ ಎರಡಕ್ಕೂ ಪ್ರಮಾಣಪತ್ರ ತರಬೇಕಾಯಿತು. ಮರುವರ್ಷ, ಅಲ್ಲಿ ವಯಸ್ಸಾದವರ ಸರ್ಕಾರಿ ವಿಮೆಯಲ್ಲಿ ಫಿಸಿಯೋಥೆರಪಿ, ಸ್ಪೀಚ್ ಥೆರಪಿ ಎರಡಕ್ಕೂ ಸೇರಿ ಒಬ್ಬರಿಗೆ ವರ್ಷಕ್ಕೆ 1,500 ಡಾಲರ್ ಮಿತಿ ಎಂದು ಕಾನೂನಾಯಿತು. 1999ರಲ್ಲಿ ಅದು ಜಾರಿಗೆ ಬಂದಾಗ ಎಷ್ಟೋ ಥೆರಪಿಸ್ಟ್‌ಗಳ ಕೆಲಸಕ್ಕೆ ಕುತ್ತು ಬಂತು. ಕಿವಿಯ ವಿಭಾಗ ಓದಿದವರಿಗೆ ದೊಡ್ಡ ತೊಡಕು ಬಂದದ್ದು 2012ರಲ್ಲಿ. ಅಲ್ಲಿನ ವೃತ್ತಿ ಸಂಘ ಆಡಿಯಾಲಜಿ ಪ್ರಮಾಣಪತ್ರಕ್ಕೆ ಡಾಕ್ಟರೇಟ್ ಬೇಕೇ ಬೇಕು ಎಂದಿತು. ಇಲ್ಲಿ ಎಂ.ಎಸ್ಸಿ. ಮುಗಿಸಿದವರು ಅಲ್ಲಿ ಮತ್ತೆ ವರ್ಷಗಟ್ಟಲೆ ಓದಬೇಕು, ಸಾಲ ಮಾಡಬೇಕು. 2025ರ ಸೆಪ್ಟೆಂಬರಿನಲ್ಲಿ ಅಲ್ಲಿ ಕೆಲಸಕ್ಕೆ ಹೋಗುವವರ ಎಚ್-1ಬಿ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. ಒಬ್ಬ ಥೆರಪಿಸ್ಟ್‌ಗಾಗಿ ಇಷ್ಟು ಕಟ್ಟುವ ಶಾಲೆಗಳು ಎಷ್ಟಿರಬಹುದು?

ಇತ್ತ ನಮ್ಮಲ್ಲಿ ಕೆಲಸ ಹುಟ್ಟುತ್ತಾ ಬಂತು. 1992ರಲ್ಲಿ, ಅಂಗವಿಕಲರಿಗಾಗಿ ಕೆಲಸ ಮಾಡುವವರ ಓದು, ನೋಂದಣಿ ನೋಡಿಕೊಳ್ಳುವ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಬಂದು ವೃತ್ತಿಗೆ ನೋಂದಣಿ, ಮಾನ್ಯತೆ ಸಿಕ್ಕಿತು. 2006–07ರಲ್ಲಿ ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 2013ರಿಂದ ಅಂಗನವಾಡಿ, ಶಾಲೆಗಳಿಗೇ ಹೋಗಿ ಮಕ್ಕಳನ್ನು ತಪಾಸಣೆ ಮಾಡುವ ಯೋಜನೆ ಬಂತು. 2014ರಲ್ಲಿ ಕೇಂದ್ರ ಸರ್ಕಾರ ಕಾಕ್ಲಿಯರ್ ಇಂಪ್ಲಾಂಟ್‌ಗೆ, ಅಂದರೆ ಕಿವಿ ಕೇಳದ ಮಕ್ಕಳಿಗೆ ಆಪರೇಷನ್ ಮಾಡಿ ಕಿವಿಯೊಳಗೆ ಇಡುವ ಸಾಧನಕ್ಕೆ, 6 ಲಕ್ಷ ರೂಪಾಯಿವರೆಗೆ ಕೊಡಲು ಶುರು ಮಾಡಿತು. ಆಪರೇಷನ್ ಗಂಟೆಗಳಲ್ಲಿ ಮುಗಿಯುತ್ತದೆ. ಆದರೆ ಕಿವಿಗೆ ಬಿದ್ದ ಶಬ್ದ ಮಾತಾಗಿ ಬರಬೇಕಾದರೆ ವರ್ಷಗಟ್ಟಲೆ ಥೆರಪಿ ಬೇಕು. ಅದನ್ನು ಮಾಡುವವರು ಮಗುವಿನ ಊರಿನ ಹತ್ತಿರವೇ ಇರಬೇಕು.

ಉಳಿದವರನ್ನು ಹಿಡಿದಿಟ್ಟದ್ದು ಸಂಬಳ, ವೀಸಾ ಅಷ್ಟೇ ಅಲ್ಲ ಅಂತ ನನಗೆ ಅನ್ನಿಸುವುದು ಇಲ್ಲೇ. ಎಕ್ಸ್‌ರೇ ಎಲ್ಲಿ ತೆಗೆದರೂ ಒಂದೇ. ಸ್ಪೀಚ್ ಥೆರಪಿ ಹಾಗಲ್ಲ, ಅದಕ್ಕೆ ಭಾಷೆಯೇ ಔಷಧಿ. ಮಂಡ್ಯ ಕಡೆಯ ಮಗು ಹಾಲಿಗೆ ‘ಆಲು’, ಹಣ್ಣಿಗೆ ‘ಅಣ್ಣು’ ಅಂದರೆ ಅದು ಉಚ್ಚಾರದ ದೋಷವಲ್ಲ, ಮನೆಯ ಮಾತು. ಅದೇ ಮಗು ‘ಮರ’ಕ್ಕೆ ‘ಮಲ’ ಅಂದರೆ, ಮತ್ತು ವಯಸ್ಸು ಐದಾರು ದಾಟಿದ್ದರೆ, ಗಮನ ಕೊಡಬೇಕು. ಈ ವ್ಯತ್ಯಾಸ ಆ ಕಡೆಯವರಿಗೆ ಕೇಳಿದ ಕೂಡಲೇ ಗೊತ್ತಾಗುತ್ತದೆ. ಸುಮ್ನೆ ಅಲ್ಲ, ಆಯಿಷ್‌ನವರು 1972ರಷ್ಟು ಹಿಂದೆಯೇ ಕನ್ನಡಕ್ಕೆ ಅಂತಲೇ ಉಚ್ಚಾರ ಪರೀಕ್ಷೆ ಸಿದ್ಧಮಾಡಿದ್ದು.

ಸ್ಟ್ರೋಕ್ ಆಗಿ ಮಾತು ಕಳೆದುಕೊಂಡ ಹಿರಿಯರ ಜೊತೆ ಕೂತಾಗ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕಬ್ಬು ಬೆಳೆದು ಆಲೆಮನೆ ನಡೆಸಿದ ರೈತರ ಮುಂದೆ ಪುಸ್ತಕದ ಸೇಬಿನ ಚಿತ್ರ ಹಿಡಿದರೆ ಅವರು ಮುಖ ತಿರುಗಿಸಬಹುದು. ಊರಿನ ಥೆರಪಿಸ್ಟ್ ಅಚ್ಚುಬೆಲ್ಲದ ಚಿತ್ರ ತೋರಿಸಿ, ‘ಇದೇನ್ ಹೇಳಿ ಗೌಡ್ರೆ, ಬೆ...’ ಅಂತ ಮೊದಲ ಅಕ್ಷರ ಎತ್ತಿಕೊಡುತ್ತಾರೆ. ತುಟಿ ಅಲುಗುತ್ತದೆ. ಎರಡು ಸಲ ತಪ್ಪಿ, ಮೂರನೇ ಸಲ ‘ಬೆಲ್ಲ’ ಬರುತ್ತದೆ. ಅದೇ ಥೆರಪಿಸ್ಟ್ ಟೆಕ್ಸಾಸ್‌ನ ಶಾಲೆಯಲ್ಲಿದ್ದರೆ ತನ್ನದಲ್ಲದ ಭಾಷೆಯ ಮಾತು ತಿದ್ದಬೇಕು, ತನ್ನ ಉಚ್ಚಾರದ ಬಗ್ಗೆ ಬರುವ ಪ್ರಶ್ನೆಗೂ ಉತ್ತರ ಕೊಡಬೇಕು. ಅಲ್ಲಿ ಸೈ ಅನ್ನಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆದರೂ ತನ್ನ ಮಾತಿನಲ್ಲಿ ಕೆಲಸ ಮಾಡುವ ಸುಖ ಬೇರೆ, ಅಲ್ವಾ?

ಅಪ್ಪ ಅಮ್ಮನಿಗೆ ವಯಸ್ಸಾಗಿರುವುದು, ಮದುವೆ, ಮೈಸೂರಿನಲ್ಲಿ ಸ್ವಂತ ಕ್ಲಿನಿಕ್ ಇಡುವ ಅವಕಾಶ, ಇವೂ ಇವೆ. 2020ರ ನಂತರ ಮೊಬೈಲಿನಲ್ಲೇ ಥೆರಪಿ ಕೊಡುವುದು ಮಾಮೂಲಾಗಿ, ಇಲ್ಲೇ ಕೂತು ಹೊರದೇಶದ ಕನ್ನಡ ಮನೆಗಳ ಮಕ್ಕಳಿಗೂ ಕಲಿಸುವ ದಾರಿ ಸಿಕ್ಕಿದೆ.

ಆದರೆ ಉಳಿದವರನ್ನು ನಾವು ಸರಿಯಾಗಿ ನೋಡಿಕೊಳ್ಳುತ್ತಿಲ್ಲ. ಸರ್ಕಾರಿ ಯೋಜನೆಗಳಲ್ಲಿ ಇವರ ಕೆಲಸ ಜಾಸ್ತಿ ಗುತ್ತಿಗೆಯದ್ದು. ಮುಂದಿನ ವರ್ಷವೂ ಇರುತ್ತದೋ ಇಲ್ಲವೋ ಎಂಬ ಚಿಂತೆ ತಪ್ಪಿದ್ದಲ್ಲ. ಮಳವಳ್ಳಿಯಲ್ಲೋ ನಾಗಮಂಗಲದಲ್ಲೋ ಇರುವ ತಾಯಿ ಮಗುವನ್ನು ಎತ್ತಿಕೊಂಡು ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಮೈಸೂರಿಗೆ ಬರಬೇಕಾದರೆ ಅವತ್ತಿನ ಕೂಲಿ ಹೋಗುತ್ತದೆ. ಕೆಲವು ತಿಂಗಳು ಬಂದು ನಿಲ್ಲಿಸಿಬಿಡುವವರಿದ್ದಾರೆ. ಪ್ರತಿ ತಾಲ್ಲೂಕು ಆಸ್ಪತ್ರೆಗೆ ಒಬ್ಬರಂತೆ ಕಾಯಂ ಥೆರಪಿಸ್ಟ್‌ನ ನೇಮಿಸಿದರೆ ಆ ತಾಯಿಗೂ ಅನುಕೂಲ, ಓದು ಮುಗಿಸಿ ಇಲ್ಲೇ ಇರಬೇಕು ಅಂದುಕೊಂಡ ಹುಡುಗ ಹುಡುಗಿಯರಿಗೂ ಅನುಕೂಲ.